ವಾಕರಿಕೆ ತಡೆಯುವ ಕೈಪಟ್ಟಿ: ತೊಂಬತ್ತು ಗಂಟೆ ಹಾರಿದ ಮೇಲೆ ಬರೆದದ್ದು

ಒಂದು ಜೊತೆಗೆ 399 ರೂಪಾಯಿ. ಕಪ್ಪು ಎಲಾಸ್ಟಿಕ್ ಪಟ್ಟಿ, ಎರಡು ಬೆರಳಗಲ, ಒಳಮೈಗೆ ಕೂಡಿಸಿದ ಕಡಲೆಕಾಳು ಗಾತ್ರದ ಬಿಳಿ ಪ್ಲಾಸ್ಟಿಕ್ ಗುಂಡಿ. ಪೊಟ್ಟಣದ ಮೇಲೆ ಒಂದು ಹಡಗು, ಒಂದು ಕಾರು, ಒಂದು ವಿಮಾನ, ಒಬ್ಬ ಬಸುರಿ ಹೆಂಗಸು. ಔಷಧವಿಲ್ಲ, ಅಡ್ಡಪರಿಣಾಮವಿಲ್ಲ, ಐದೇ ನಿಮಿಷದಲ್ಲಿ ಆರಾಮ ಎಂದು ಬರೆದಿತ್ತು. ವಿಮಾನದ ಚಿತ್ರಕ್ಕೆ ಕಿಟಕಿಗಳಿದ್ದವು, ಕಿಟಕಿಗಳಲ್ಲಿ ನಗುವ ಪ್ರಯಾಣಿಕರಿದ್ದರು. ವಿಮಾನ ನಡೆಸುವವಳಿಗೇ ಹೊಟ್ಟೆ ತೊಳಸಿದರೆ ಏನು ಗತಿ ಎಂದು ಪೊಟ್ಟಣ ಮಾಡಿದವರು ಯೋಚಿಸಿದ ಹಾಗೆ ಕಾಣಲಿಲ್ಲ. ಅಂಥವಳೊಬ್ಬಳು ಇದನ್ನು ಬರೆಯುತ್ತಿದ್ದಾಳೆ.

ನಾನು ಶಿರಸಿ ಕಡೆಯವಳು. ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ನಾನು ಕಾರಿಕೊಳ್ಳದ ತಿರುವೇ ಇಲ್ಲ ಎಂದು ಅಪ್ಪ ಇಂದಿಗೂ ನೆಂಟರ ಮುಂದೆ ಹೇಳುತ್ತಾನೆ. ಕಿಟಕಿ ಪಕ್ಕದ ಸೀಟು, ಮೂಗಿನ ಹತ್ತಿರ ಉಗುರಿನಿಂದ ಗೀರಿದ ನಿಂಬೆಹಣ್ಣು, ಮಡಿಲಲ್ಲಿ ಪ್ಲಾಸ್ಟಿಕ್ ಕೊಟ್ಟೆ (ಚೀಲ), ಇವಿಷ್ಟು ಇಲ್ಲದೆ ಆಯಿ (ಅಮ್ಮ) ನನ್ನನ್ನು ಬಸ್ ಹತ್ತಿಸುತ್ತಿರಲಿಲ್ಲ. ಅಂಥ ಹುಡುಗಿ ಪೈಲಟ್ ಆಗುತ್ತೇನೆಂದು ಹೊರಟಾಗ ಊರಿನವರು ನಕ್ಕಿದ್ದರಲ್ಲಿ ತಪ್ಪಿಲ್ಲ. ಈಗ ದಖ್ಖನ್ ಬಯಲಿನ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿದ್ದೇನೆ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಬೇಕಾದ 200 ಗಂಟೆಗಳಲ್ಲಿ 131 ಮುಗಿದಿವೆ. ಅದರಲ್ಲಿ ತೊಂಬತ್ತು ಗಂಟೆ ಈ ಪಟ್ಟಿ ನನ್ನ ಕೈಮೇಲೆ ಇತ್ತು, ಇಲ್ಲವೇ ಚೀಲದಲ್ಲಿತ್ತು.

ಕೊಳ್ಳಲು ಕಾರಣ ಒಂದು ಪೆನ್ಸಿಲ್. ನನ್ನ ಆರನೆಯ ಸಾರ್ಟಿ (ಒಂದು ಸಲದ ಹಾರಾಟಕ್ಕೆ ನಾವು ಹೇಳುವ ಹೆಸರು), ಏಪ್ರಿಲ್ ತಿಂಗಳು, ಬೆಳಗಿನ ಹತ್ತೂವರೆ. ಸೆಸ್ನಾ 172 ಎಂಬ ಪುಟ್ಟ ವಿಮಾನದ ಎಡ ಸೀಟಿನಲ್ಲಿ ನಾನು, ಬಲ ಸೀಟಿನಲ್ಲಿ ಇನ್‌ಸ್ಟ್ರಕ್ಟರ್. ವಿಮಾನವನ್ನು 45 ಡಿಗ್ರಿ ವಾಲಿಸಿ ಸ್ಟೀಪ್ ಟರ್ನ್ ಹೇಗೆಂದು ತೋರಿಸುತ್ತಿದ್ದರು. ತೊಡೆಗೆ ಕಟ್ಟಿಕೊಂಡ ಹಲಗೆಯಿಂದ ಪೆನ್ಸಿಲ್ ಜಾರಿ ಕಾಲಬುಡಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡೆ. ತಲೆ ಎತ್ತುವಷ್ಟರಲ್ಲಿ ವಿಮಾನ ಮಗುಚಿಕೊಂಡು ಬೀಳುತ್ತಿದೆ ಎನ್ನಿಸಿತು. ಅದು ಬೀಳುತ್ತಿರಲಿಲ್ಲ, ತನ್ನ ಪಾಡಿಗೆ ಅಚ್ಚುಕಟ್ಟಾಗಿ ತಿರುಗುತ್ತಲೇ ಇತ್ತು. ಬೀಳುತ್ತಿದ್ದದ್ದು ನನ್ನ ಕಿವಿಯೊಳಗಿನ ಲೋಕ. ಕೈಗೆ ಸಿಕ್ಕಿದ್ದು ಹೆಡ್‌ಸೆಟ್ಟಿನ ಚೀಲ. ಆ ಹೆಡ್‌ಸೆಟ್ಟನ್ನು ಅಪ್ಪ ಆ ವರ್ಷದ ಅಡಿಕೆ ಮಾರಿ ಕೊಡಿಸಿದ್ದ. ಚೀಲ ಬಟ್ಟೆಯದು. ಬಟ್ಟೆ ಎಷ್ಟು ಹೊತ್ತು ತಡೆಯುತ್ತದೆ ಎಂಬುದು ಅವತ್ತು ಗೊತ್ತಾಯಿತು.

ಕಾರಿಕೊಂಡವರೇ ತೊಳೆಯಬೇಕು ಎನ್ನುವುದು ನಮ್ಮಲ್ಲಿನ ನಿಯಮ. ಹ್ಯಾಂಗರಿನ ನೆರಳಿನಲ್ಲಿ ಬಕೆಟ್ಟು, ಬ್ರಷ್ಷು ಇಟ್ಟುಕೊಂಡು ವಿಮಾನದ ನೆಲಹಾಸು ತಿಕ್ಕುತ್ತಿದ್ದಾಗ ನನ್ನ ತಂಡದ ಮೂವರು ಹುಡುಗರು ಹಾದುಹೋದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಆ ರಾತ್ರಿಯೇ ಹಾಸ್ಟೆಲಿನಲ್ಲಿ ಮೊಬೈಲ್ ಹಿಡಿದು ಕೈಪಟ್ಟಿ ತರಿಸಿದೆ.

ಕಟ್ಟುವ ಕ್ರಮ ಹೀಗೆ. ಅಂಗೈ ಮೇಲ್ಮುಖ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಅಳೆಯಬೇಕು. ಮುಷ್ಟಿ ಬಿಗಿದರೆ ಅಲ್ಲಿ ಎರಡು ನರಗಳು ಎದ್ದು ಕಾಣುತ್ತವೆ. (ಅವು ನರಗಳಲ್ಲ, ಸ್ನಾಯುರಜ್ಜುಗಳು. ಹಗ್ಗದಂತೆ ಕಂಡದ್ದನ್ನೆಲ್ಲ ನರ ಎನ್ನುವುದು ನಮ್ಮ ರೂಢಿ.) ಅವುಗಳ ನಡುವೆ ಗುಂಡಿ ಕೂರಬೇಕು. ಚೀನೀ ವೈದ್ಯಪದ್ಧತಿಯಲ್ಲಿ ಈ ಬಿಂದುವಿಗೆ ನೈಗುವಾನ್ ಎಂದು ಹೆಸರು. ವೈದ್ಯಕೀಯ ಬರಹಗಳಲ್ಲಿ ಪಿ6 ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ವಾಂತಿಗೆ ಇಲ್ಲಿ ಒತ್ತಿದರೆ ಗುಣವಿದೆ ಎನ್ನುವುದಕ್ಕೆ ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಗಳ ಆಧಾರ ತಕ್ಕಮಟ್ಟಿಗೆ ಇದೆ. ಬಸ್ಸು, ಹಡಗು, ವಿಮಾನದ ವಾಕರಿಕೆಗೆ ಬಂದರೆ ಮಾತ್ರ ಒಂದು ಪರೀಕ್ಷೆ ಹೌದು ಎನ್ನುತ್ತದೆ, ಇನ್ನೊಂದು ಅಲ್ಲ ಎನ್ನುತ್ತದೆ.

ನಮ್ಮ ಸಮವಸ್ತ್ರ ಅರ್ಧ ತೋಳಿನ ಬಿಳಿ ಅಂಗಿ. ಮುಚ್ಚಿಡಲು ಜಾಗವಿಲ್ಲ. ಮೊದಲ ದಿನವೇ ಮೆಸ್ಸಿನಲ್ಲಿ ಒಬ್ಬ ‘ಇದೇನು, ತಾಯತವೇ?’ ಎಂದು ಕೇಳಿದ. ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಇನ್ನೊಂದು ಕೈಯಲ್ಲಿ ಆಯಿ ಮಾರಿಕಾಂಬೆಯ ಗುಡಿಯಿಂದ ತಂದು ಕಟ್ಟಿದ ಕೆಂಪು ದಾರ ಇತ್ತು. ಎಡಗೈಗೆ ಚೀನಾ, ಬಲಗೈಗೆ ಶಿರಸಿ. ಹೊಟ್ಟೆ ಎರಡರ ಮಾತನ್ನೂ ಕೇಳುವ ಲಕ್ಷಣ ತೋರಿಸಲಿಲ್ಲ. ಎರಡೂ ಕೈಗೆ ಒಂದೊಂದು ಕಟ್ಟಬೇಕು ಎಂದು ಚೀಟಿಯಲ್ಲಿ ಬರೆದಿತ್ತು. ದಾರ ತೆಗೆಯಲು ಮನಸ್ಸಾಗದೆ ನಾನು ಒಂದನ್ನೇ ಕಟ್ಟಿಕೊಂಡೆ. ಪಟ್ಟಿ ಮಾರುವವರ ಪರವಾಗಿ ಯಾರಾದರೂ ವಾದಿಸುವುದಾದರೆ ಈ ಅಂಶ ಅವರಿಗೆ ಬಿಟ್ಟಿದ್ದೇನೆ.

ನಾನು ಲೆಕ್ಕ ಇಡುವ ಮನೆಯಿಂದ ಬಂದವಳು. ಅಪ್ಪ ಅಡಿಕೆಯ ಒಂದೊಂದು ಗೊನೆಗೂ ಚೀಟಿ ಬರೆಯುತ್ತಾನೆ. ಹಾಗಾಗಿ ಒಂದು ಸಾರ್ಟಿಗೆ ಪಟ್ಟಿ ಕಟ್ಟುವುದು, ಮುಂದಿನದಕ್ಕೆ ಬಿಚ್ಚುವುದು ಎಂದು ನಿಶ್ಚಯಿಸಿ ಸಣ್ಣ ನೋಟ್‌ಬುಕ್ಕಿನಲ್ಲಿ ಅಂಕ ಹಾಕತೊಡಗಿದೆ. ಸೊನ್ನೆ ಎಂದರೆ ಇಳಿದ ಕೂಡಲೇ ಮಸಾಲೆ ದೋಸೆ ತಿನ್ನಬಲ್ಲೆ. ಐದು ಎಂದರೆ ಬಾಯಲ್ಲಿ ನೀರೂರಿ ಕುತ್ತಿಗೆಯ ಹಿಂದೆ ತಣ್ಣನೆ ಬೆವರು. ಹತ್ತು ಎಂದರೆ ಚೀಲ ತುಂಬಿತು. ಇಪ್ಪತ್ತನಾಲ್ಕು ಸಾರ್ಟಿಗಳಾದ ಮೇಲೆ ಕೂಡಿಸಿದೆ. ಪಟ್ಟಿ ಕಟ್ಟಿದ ಹನ್ನೆರಡು ಸಾರ್ಟಿಗಳ ಒಟ್ಟು ಅಂಕ 41. ಕಟ್ಟದ ಹನ್ನೆರಡರದು 46. ಗೆಲುವು ಪಟ್ಟಿಯದೇ, ಆದರೆ ಕೂದಲೆಳೆಯಷ್ಟು.

ಅದೇ ಅಂಕಗಳನ್ನು ಗಡಿಯಾರ ನೋಡಿ ಬೇರೆ ಮಾಡಿದಾಗ ನಿಜವಾದ ವಿಷಯ ಹೊರಗೆ ಬಂತು. ಬೆಳಗಿನ ಎಂಟರೊಳಗೆ ಹಾರಿದ್ದು ಹದಿಮೂರು ಸಾರ್ಟಿ, ಒಟ್ಟು 19 ಅಂಕ. ಹತ್ತರ ನಂತರ ಹಾರಿದ್ದು ಹನ್ನೊಂದು, ಒಟ್ಟು 68. ಇಲ್ಲಿಯ ಎರೆಭೂಮಿ ಬಿಸಿಲೇರಿದ ಹಾಗೆ ಕಾದ ಹೆಂಚಾಗುತ್ತದೆ. ಉತ್ತ ಕಪ್ಪು ಹೊಲದ ಮೇಲೆ ಬಿಸಿಗಾಳಿ ಬುಗ್ಗೆಯಂತೆ ಮೇಲೇಳುತ್ತದೆ, ಪಕ್ಕದ ಕಬ್ಬಿನ ಗದ್ದೆಯ ಮೇಲೆ ಹೋದ ಕೂಡಲೇ ವಿಮಾನ ಕುಸಿಯುತ್ತದೆ. ಮತ್ತೆ ಹೊಲ, ಮತ್ತೆ ಕಬ್ಬು. 399 ರೂಪಾಯಿಯ ಗುಂಡಿಗಿಂತ ಬೆಳಿಗ್ಗೆ ಐದಕ್ಕೆ ಬಾರಿಸುವ ಅಲಾರಾಂ ಎಷ್ಟೋ ಮೇಲು. ಆಮೇಲಿನಿಂದ ಸಾರ್ಟಿ ಹಂಚುವ ಬೋರ್ಡಿನ ಮುಂದೆ ಮೊದಲ ಪಾಳಿಗಾಗಿ ನಾನು ಜಗಳವನ್ನೇ ಆಡಿದ್ದೇನೆ.

ಇನ್ನೊಂದು ಮುಜುಗರದ ಸಂಗತಿಯನ್ನೂ ಹೇಳಬೇಕು. ಪಟ್ಟಿ ಕಟ್ಟಿದ ಆ ಹನ್ನೆರಡರಲ್ಲಿ ಕೊನೆಯ ಐದು ಸಾರ್ಟಿ ಮುಗಿದ ಮೇಲೆ, ನಾನು ಕೈತೊಳೆಯುತ್ತಿದ್ದಾಗ ರೂಮಿನವಳು ನೋಡಿ, ‘ಗುಂಡಿ ಹಿಂದೆ ಇದೆಯಲ್ಲೇ’ ಎಂದಳು. ನಸುಕಿನ ಕತ್ತಲಲ್ಲಿ ಅವಸರದಿಂದ ಕಟ್ಟಿಕೊಳ್ಳುತ್ತಿದ್ದವಳು ವಾರಗಟ್ಟಲೆ ಗುಂಡಿಯನ್ನು ಮಣಿಕಟ್ಟಿನ ಮೇಲ್ಗಡೆಗೆ, ಗಡಿಯಾರ ಕೂರುವ ಜಾಗಕ್ಕೆ ಒತ್ತಿಕೊಂಡು ಹಾರಿದ್ದೆ. ಆ ಐದು ಸಾರ್ಟಿಗಳ ಅಂಕ ಉಳಿದವಕ್ಕಿಂತ ಕೆಟ್ಟದಾಗಿರಲಿಲ್ಲ. ಒಂದರಲ್ಲಂತೂ ಸೊನ್ನೆ ಹಾಕಿದ್ದೆ. ಸರಿಯಾದ ಬಿಂದುವಿನ ಬಗ್ಗೆ ನನಗಿದ್ದ ಭಕ್ತಿ ಅಲ್ಲಿಗೆ ಮುಗಿಯಿತು. ಹಾಗೆಂದು ಪಟ್ಟಿ ಬಿಡಲಿಲ್ಲ. ಬಿಡದ ಕಾರಣ ಮುಂದೆ ಬರುತ್ತದೆ.

ಪೆನ್ಸಿಲ್ ಎತ್ತಿದ್ದಕ್ಕೆ ಲೋಕ ಮಗುಚಿದ್ದೇಕೆ ಎಂದು ಓದಿ ತಿಳಿದುಕೊಂಡೆ. ಒಳಗಿವಿಯಲ್ಲಿ ಅರ್ಧವೃತ್ತದ ಮೂರು ನಾಳಗಳಿವೆ, ಒಂದಕ್ಕೊಂದು ಲಂಬವಾಗಿ. ಮನೆಯ ಮೂಲೆಯಲ್ಲಿ ಎರಡು ಗೋಡೆ ಮತ್ತು ನೆಲ ಕೂಡುವ ಹಾಗೆ. ಒಳಗೆ ದ್ರವ. ತಿರುಗಲು ತೊಡಗಿದಾಗ ದ್ರವ ಹಿಂದೆ ಉಳಿಯುತ್ತದೆ, ಮೆದುಳಿಗೆ ‘ತಿರುಗುತ್ತಿದ್ದೇವೆ’ ಎಂದು ಸುದ್ದಿ ಹೋಗುತ್ತದೆ. ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ದ್ರವವೂ ಜೊತೆಗೂಡುತ್ತದೆ, ಸುದ್ದಿ ನಿಲ್ಲುತ್ತದೆ. ಆ ಹೊತ್ತಿಗೆ ತಲೆ ಬಗ್ಗಿಸಿದರೆ ಒಂದು ನಾಳ ತಿರುಗುವ ದಿಕ್ಕಿನಿಂದ ಆಚೆ ಹೋಗುತ್ತದೆ, ಇನ್ನೊಂದು ಅದರೊಳಗೆ ಬರುತ್ತದೆ, ಎರಡೂ ಒಟ್ಟಿಗೆ ಕೂಗಿಕೊಳ್ಳುತ್ತವೆ. ಕಣ್ಣಿಗೆ ಕಾಣುವುದು ಅಲುಗದ ಡ್ಯಾಶ್‌ಬೋರ್ಡು. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು. ಈ ಜಗಳದಲ್ಲಿ ಹೊಟ್ಟೆ ಯಾಕೆ ತಲೆಹಾಕುತ್ತದೋ ಅದಕ್ಕೇ ಗೊತ್ತು, ಆದರೆ ಜಗಳವೇ ಮೂಲ ಎನ್ನುವುದು ಬಹುಪಾಲು ತಜ್ಞರು ಒಪ್ಪುವ ವಿವರಣೆ.

ಇದಕ್ಕೆ ಒಂದು ಸೊಗಸಾದ ಸಾಕ್ಷಿಯಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ ಸೇರಿ ವಾಷಿಂಗ್ಟನ್ನಿನ ಗ್ಯಾಲೊಡೆಟ್ ಕಾಲೇಜಿನ ಹನ್ನೊಂದು ಜನ ಕಿವುಡರನ್ನು ಪ್ರಯೋಗಕ್ಕೆ ಕರೆದವು. ಅವರಲ್ಲಿ ಹತ್ತು ಮಂದಿಗೆ ಚಿಕ್ಕವರಿದ್ದಾಗ ಮೆದುಳುಜ್ವರ ಬಂದು ಒಳಗಿವಿಯ ಸಮತೋಲದ ಅಂಗವೂ ಕೆಟ್ಟಿತ್ತು. ನೋವಾ ಸ್ಕೋಷಿಯಾ ಬಳಿಯ ಉಕ್ಕುವ ಕಡಲಿಗೆ ಅವರನ್ನು ಕರೆದೊಯ್ದರು. ಅವರು ಇಸ್ಪೀಟು ಆಡುತ್ತಾ ಕುಳಿತರು. ಪರೀಕ್ಷೆ ಮಾಡಲು ಬಂದವರೇ ಕಾರಿಕೊಂಡು ಪ್ರಯೋಗ ನಿಲ್ಲಿಸಬೇಕಾಯಿತು. ಅಂದರೆ ವಾಕರಿಕೆ ಬರುವುದು ಕಿವಿ ಚೆನ್ನಾಗಿ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಗುರುತು. ಇದನ್ನು ಓದಿದ ರಾತ್ರಿ ನಾನು ಸುಖವಾಗಿ ನಿದ್ದೆ ಮಾಡಿದೆ.

ಮತ್ತೆ ಕಪಾಟಿನ ಬಾಗಿಲಿನ ಒಳಗಡೆ ಒಂದು ಪಟ್ಟಿ ಅಂಟಿಸಿದೆ, ಇದು ಕೈಗೆ ಕಟ್ಟುವುದಲ್ಲ. ಕಾರಿಕೊಂಡ ಮಹಾನುಭಾವರ ಪಟ್ಟಿ. ಬ್ರಿಟಿಷ್ ನೌಕಾಪಡೆಯ ನೆಲ್ಸನ್, ಬದುಕೆಲ್ಲ ಕಡಲಲ್ಲಿ ಕಳೆದು ಬದುಕೆಲ್ಲ ಕಡಲಬೇನೆ ಅನುಭವಿಸಿದವನು. 1961ರ ಆಗಸ್ಟಿನಲ್ಲಿ ಭೂಮಿಗೆ ಹದಿನೇಳು ಸುತ್ತು ಹಾಕಿದ ಘೆರ್ಮನ್ ಟಿಟೊವ್, ಬಾಹ್ಯಾಕಾಶದಲ್ಲಿ ಮೊಟ್ಟಮೊದಲು ವಾಂತಿ ಮಾಡಿದ ಮನುಷ್ಯ, ಆಗ ವಯಸ್ಸು 25. 1969ರ ಅಪೊಲೊ 9ರ ರಸ್ಟಿ ಶ್ವೈಕಾರ್ಟ್, ಇವರ ವಾಂತಿಯಿಂದಾಗಿ ಬಾಹ್ಯಾಕಾಶ ನಡಿಗೆಯನ್ನೇ ಮೊಟಕು ಮಾಡಿದರು. 1985ರಲ್ಲಿ ಶಟಲ್ ಹತ್ತಿದ ಅಮೆರಿಕದ ಸೆನೆಟರ್ ಜೇಕ್ ಗಾರ್ನ್ ಎಷ್ಟು ನರಳಿದರೆಂದರೆ ‘ಗಾರ್ನ್’ ಎನ್ನುವುದು ನಾಸಾದಲ್ಲಿ ವಾಕರಿಕೆ ಅಳೆಯುವ ತಮಾಷೆಯ ಮಾನವಾಯಿತು. 2025ರ ಜೂನ್‌ನಲ್ಲಿ ನಮ್ಮ ಶುಭಾಂಶು ಶುಕ್ಲಾ ಮೇಲೆ ಹೋದ ಮರುದಿನ, ಶೂನ್ಯಕ್ಕೆ ಚಿಮ್ಮಿದಾಗ ಮೈ ಅಷ್ಟು ಚೆನ್ನಾಗಿರಲಿಲ್ಲ, ತುಂಬಾ ನಿದ್ದೆ ಮಾಡುತ್ತಿದ್ದೇನಂತೆ ಎಂದು ಸಂಕೋಚವಿಲ್ಲದೆ ಹೇಳಿದರು. ಯುದ್ಧವಿಮಾನ ಹಾರಿಸಿದವರು ಅವರು. ಆ ಸಾಲಿನ ಕೆಳಗೆ ನನ್ನ ಹೆಸರನ್ನೂ ಪೆನ್ಸಿಲ್ಲಿನಲ್ಲಿ ಬರೆದೆ, ಅದೇ ಪೆನ್ಸಿಲ್ಲಿನಲ್ಲಿ.

ಮಾತ್ರೆ ಯಾಕೆ ನುಂಗಬಾರದು ಎಂದು ಎಲ್ಲರೂ ಕೇಳುತ್ತಾರೆ. ಚಿಕ್ಕಂದಿನಲ್ಲಿ ನುಂಗಿದ್ದೇನೆ. ಆಯಿ ಬಸ್ ಹೊರಡುವ ಮೊದಲು ಅರ್ಧ ಮಾತ್ರೆ ಕೊಡುತ್ತಿದ್ದಳು, ಕುಮಟೆ ಬಂದಾಗ ಹೊತ್ತು ಇಳಿಸುತ್ತಿದ್ದಳು. ಪ್ರೊಮೆಥಜೀನ್ ಇರಲಿ, ಸಿನ್ನರಿಜೀನ್ ಇರಲಿ, ಕಿವಿಯ ಗಲಾಟೆ ಅಡಗಿಸುವ ಮಾತ್ರೆಗಳು ತಲೆಯನ್ನೂ ಮಂಪರಿಗೆ ದೂಡುತ್ತವೆ. ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮೀನ್ ಪಟ್ಟಿಯಿಂದ ಬಾಯಿ ಒಣಗುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಪ್ರಯಾಣಿಕನಿಗೆ ಇದು ಲೆಕ್ಕಕ್ಕಿಲ್ಲ. ಇಳಿಯುವಾಗ ವೇಗಮಾಪಕ ಓದಬೇಕಾದವಳಿಗೆ ಹಾಗಲ್ಲ. ವೈಮಾನಿಕ ವೈದ್ಯರನ್ನು ಕೇಳಿದೆ. ‘ಹಾರುವ ದಿನ ಬೇಡ, ಒಬ್ಬಳೇ ಹಾರುವ ದಿನವಂತೂ ಬೇಡವೇ ಬೇಡ’ ಎಂದರು. ಪಟ್ಟಿಯ ಮಾರುಕಟ್ಟೆ ನಿಂತಿರುವುದೇ ಇಲ್ಲಿ. ನಮಗೆ ಬೇರೆ ಅಂಗಡಿ ಇಲ್ಲ.

ಹಾಗಾದರೆ ನನಗೆ ಉಪಯೋಗಕ್ಕೆ ಬಂದದ್ದು ಯಾವುದು? ಅದನ್ನು ಕಲಿಸಿದವರು ನನ್ನ ಎರಡನೆಯ ಇನ್‌ಸ್ಟ್ರಕ್ಟರ್, ಮಾತು ಕಡಿಮೆಯ ಹಿರಿಯರು. ಅವರೊಂದಿಗಿನ ಮೊದಲ ಸಾರ್ಟಿಯಲ್ಲಿ ನಾನು ಆಕಳಿಸಿದೆ. ‘ನಿದ್ದೆ ಬಂತೇ?’ ಎಂದರು. ಇಲ್ಲ ಸರ್ ಎಂದೆ. ಇನ್ನೊಮ್ಮೆ ಆಕಳಿಸಿದೆ. ‘ಹೊಟ್ಟೆ ಹೇಗಿದೆ?’ ಎಂದರು. ಚೆನ್ನಾಗಿದೆ ಸರ್ ಎಂದೆ. ‘ಸುಳ್ಳು’ ಎಂದು ಹೇಳಿ ಕಂಟ್ರೋಲನ್ನು ನನ್ನ ಕೈಗೆ ಬಿಟ್ಟುಬಿಟ್ಟರು. ‘ದಿಗಂತ ನೋಡುತ್ತಾ ನೀನೇ ಹಾರಿಸು. ನೇರ, ಸಮತಟ್ಟು. ಗಾಳಿ ಎಳೆದುಕೋ.’ ಮುಂಗಾಜಿನ ಮೇಲ್ಮೂಲೆಯಲ್ಲಿ ಎಳೆದರೆ ಹೊರಬರುವ ಗಾಳಿಕೊಳವೆ ಇದೆ. ಅದನ್ನು ಪೂರ್ತಿ ಎಳೆದು ಮುಖಕ್ಕೆ ತಿರುಗಿಸಿದೆ. ಐದು ನಿಮಿಷದಲ್ಲಿ ಕುತ್ತಿಗೆಯ ಬೆವರು ಆರಿತು. ಪೊಟ್ಟಣದ ಮೇಲೆ ಬರೆದಿದ್ದ ಅದೇ ಐದು ನಿಮಿಷ.

ಆಕಳಿಕೆ ಮೊದಲ ಗಂಟೆ ಎಂದು ಆಗ ತಿಳಿಯಿತು. ವಾಕರಿಕೆಗೂ ಮುಂಚೆ ಬರುವ ಮಂಪರು, ಆಕಳಿಕೆ, ಯಾವುದರ ಮೇಲೂ ಮನಸ್ಸಿಲ್ಲದಿರುವುದು, ಇವೂ ಇದೇ ಬೇನೆಯ ಭಾಗ. ನಾನು ಅದನ್ನು ನಿದ್ದೆಗೇಡು ಎಂದುಕೊಂಡಿದ್ದೆ. ಕೈಯಲ್ಲಿ ಕಂಟ್ರೋಲ್ ಇದ್ದರೆ ಮುಂದಿನ ಕ್ಷಣ ವಿಮಾನ ಎತ್ತ ಹೋಗುತ್ತದೆ ಎಂದು ಮೆದುಳಿಗೆ ಮೊದಲೇ ಗೊತ್ತಿರುತ್ತದೆ, ಕಿವಿಯ ಸುದ್ದಿ ಅದಕ್ಕೆ ಹೊಸದಲ್ಲ. ಬಸ್ಸಿನ ಡ್ರೈವರ್ ದೇವಿಮನೆ ಘಟ್ಟದಲ್ಲಿ ಎಂದೂ ಕಾರಿಕೊಂಡದ್ದಿಲ್ಲವಲ್ಲ! ಅದಕ್ಕೇ ನಮ್ಮ ಶಾಲೆಯಲ್ಲಿ ಅತಿ ದೊಡ್ಡ ಶಿಕ್ಷೆ ಬ್ಯಾಕ್ ಸೀಟಿಂಗ್. ಇನ್ನೊಬ್ಬನ ಪಾಠ ನೋಡಲು ಹಿಂದಿನ ಸೀಟಿನಲ್ಲಿ ಕೂರಿಸುತ್ತಾರೆ. ಕಂಟ್ರೋಲ್ ಇಲ್ಲ, ಗಾಳಿ ಕಡಿಮೆ, ಕಾಣುವುದು ಇಬ್ಬರ ಬೆನ್ನು. ಅಲ್ಲಿ ಯಾವ ಪಟ್ಟಿಯೂ ನಡೆಯುವುದಿಲ್ಲ.

ಆ ಹಿರಿಯರಿಂದ ಕಲಿತ ಇನ್ನೂ ಕೆಲವು ಸಣ್ಣ ಸಂಗತಿಗಳಿವೆ. ತಲೆಯನ್ನು ಗಕ್ಕನೆ ತಿರುಗಿಸದೆ ಕಣ್ಣನ್ನು ಮೊದಲು ಕಳಿಸುವುದು. ಪೆನ್ಸಿಲ್ಲಿಗೆ ದಾರ ಕಟ್ಟುವುದು. ಖಾಲಿ ಹೊಟ್ಟೆಯಲ್ಲಿ ಹೋಗದಿರುವುದು. ಮೆಸ್ಸಿನ ಪೋಹೆ ಒಂದು ಹಿಡಿ ಸಾಕು, ಎಣ್ಣೆಯ ವಡೆ ಬೇಡ. ಬೆಳಿಗ್ಗೆ ರೆಕ್ಕೆಯಡಿಯಿಂದ ಇಂಧನ ಬಸಿದು ನೀರು ಸೇರಿದೆಯೇ ಎಂದು ನೋಡುತ್ತೇವೆ, ತಿಳಿನೀಲಿ ಬಣ್ಣದ ಆವ್‌ಗ್ಯಾಸ್; ಆ ಕೈಯನ್ನು ಸೋಪು ಹಾಕಿ ತೊಳೆದೇ ಹತ್ತುವುದು, ಆ ವಾಸನೆ ಕಾಕ್‌ಪಿಟ್ಟಿಗೆ ಬಂದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಹೊಟ್ಟೆಯಿಂದ ನಿಧಾನವಾಗಿ ಉಸಿರಾಡುವುದು. ಎಲ್ಲಕ್ಕಿಂತ ಮೇಲೆ, ಬಾಯಿಬಿಟ್ಟು ಹೇಳುವುದು. ‘ಸರ್, ಮೂರು’ ಎಂದರೆ ಮೂರು ಅಂಕ. ‘ಸರ್, ಐದು’ ಎಂದರೆ ಅವರು ಪಾಠ ನಿಲ್ಲಿಸಿ ನೇರ ಹಾರಲು ಬಿಡುತ್ತಿದ್ದರು. ‘ಏಳು’ ಎಂದರೆ ಮನೆಕಡೆ. ಮೂರು ಸಲ ಏಳು ಹೇಳಿದ್ದೇನೆ. ಹಿಂದಿರುಗಿ ಬಂದದ್ದಕ್ಕೆ ಅವರು ಒಮ್ಮೆಯೂ ಮುಖ ಸಿಂಡರಿಸಲಿಲ್ಲ.

ಪಟ್ಟಿ ಬಿಡದ ಕಾರಣ ಇಲ್ಲಿದೆ. ಗಡಿಯಾರದ ಕೆಳಗೆ ಗುಂಡಿ ಒತ್ತಿದಾಗಲೆಲ್ಲ ಅದು ನನಗೆ ಒಂದು ನೆನಪೋಲೆಯಾಗಿ ಕೆಲಸ ಮಾಡಿತು: ಉಸಿರು, ಗಾಳಿ, ದಿಗಂತ, ಅಂಕ ಹೇಳು. ನೈಗುವಾನ್ ಬಿಂದುವಿಗೂ ಇದಕ್ಕೂ ಸಂಬಂಧವಿಲ್ಲ. ಸೆರಗಿಗೆ ಗಂಟು ಹಾಕಿಕೊಂಡಿದ್ದರೂ ಆಗುತ್ತಿತ್ತು. ಆದರೆ ಸಮವಸ್ತ್ರಕ್ಕೆ ಸೆರಗಿಲ್ಲ.

ತೊಂಬತ್ತನೆಯ ಗಂಟೆಯ ಹೊತ್ತಿಗೆ ನಾನು ಗೆದ್ದೆ ಎಂದುಕೊಂಡೆ. ಆಗ ಹುಡ್ ಬಂತು. ಹೊರಗಡೆ ಕಾಣದಂತೆ ಹಣೆಗೆ ಕಟ್ಟುವ ಮರೆ ಅದು. ಬರೀ ಉಪಕರಣಗಳನ್ನು ನೋಡಿಕೊಂಡು ಹಾರಬೇಕು. ನನ್ನ ಪರಮ ಔಷಧ ದಿಗಂತವನ್ನೇ ಕಿತ್ತುಕೊಂಡರು! ಮೊದಲ ಹುಡ್ ಸಾರ್ಟಿಯಲ್ಲಿ ಎಂಟು ಅಂಕ, ಆ ದಿನ ಪಟ್ಟಿ ಸರಿಯಾದ ಜಾಗದಲ್ಲೇ ಇತ್ತು. ತಿರುವಿನಿಂದ ಹೊರಗೆ ಬಂದಾಗ ಕಿವಿ ‘ಎದುರು ದಿಕ್ಕಿಗೆ ತಿರುಗುತ್ತಿದ್ದೀಯ’ ಎನ್ನುತ್ತದೆ, ಉಪಕರಣದಲ್ಲಿನ ಪುಟ್ಟ ಕೃತಕ ದಿಗಂತ ‘ನೇರ ಇದ್ದೀಯ’ ಎನ್ನುತ್ತದೆ. ಅಂಗೈಯಗಲದ ಆ ದಿಗಂತವನ್ನು ನಂಬಲು ಕಲಿಯುವುದೇ ಪಾಠ. ನಾಲ್ಕನೆಯ ಸಲಕ್ಕೆ ಮೂರು ಅಂಕಕ್ಕೆ ಇಳಿಯಿತು. ಇಳಿಸಿದ್ದು ಅಭ್ಯಾಸ, ಗುಂಡಿಯಲ್ಲ.

ಅಭ್ಯಾಸವೇ ಮದ್ದು ಎನ್ನುವುದನ್ನು ವಾಯುಪಡೆಗಳು ಬಹಳ ಹಿಂದೆಯೇ ಕಂಡುಕೊಂಡಿವೆ. ಕಾರಿಕೊಳ್ಳುವ ಕೆಡೆಟ್‌ಗಳನ್ನು ಮನೆಗೆ ಕಳಿಸುವ ಬದಲು ತಿರುಗುವ ಕುರ್ಚಿಯಲ್ಲಿ ಕೂರಿಸುತ್ತಾರೆ. ತಿರುಗಿಸುತ್ತಾ ತಲೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಬಗ್ಗಿಸಲು ಹೇಳುತ್ತಾರೆ, ದಿನದಿನಕ್ಕೂ ವೇಗ ಸ್ವಲ್ಪ ಹೆಚ್ಚು. ಆ ಕುರ್ಚಿಗೆ ಬಾರಾನಿ ಕುರ್ಚಿ ಎಂದು ಹೆಸರು. ಒಳಗಿವಿಯ ಅಧ್ಯಯನಕ್ಕೆ 1914ರ ನೊಬೆಲ್ ಪಡೆದ ರಾಬರ್ಟ್ ಬಾರಾನಿಯ ಹೆಸರದು. ಪ್ರಶಸ್ತಿಯ ಸುದ್ದಿ ಬಂದಾಗ ಆತ ರಷ್ಯನ್ನರ ಯುದ್ಧಕೈದಿ. ಬೆಂಗಳೂರಿನಲ್ಲೂ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಿಂದ ಇದೆ, ಗಗನಯಾನದ ಯಾನಿಗಳನ್ನು ಆರಿಸುವಾಗ ಪರೀಕ್ಷಿಸಿದ್ದು ಅಲ್ಲೇ. ನನ್ನಂಥ ಖಾಸಗಿ ವಿದ್ಯಾರ್ಥಿನಿಗೆ ಸಿಕ್ಕಿದ್ದು ಹಾಸ್ಟೆಲ್ ಕಚೇರಿಯ ಚಕ್ರದ ಕುರ್ಚಿ. ರೂಮಿನವಳು ತಿರುಗಿಸುವವಳು, ನಾನು ಕಣ್ಣು ಮುಚ್ಚಿ ತಲೆ ಬಗ್ಗಿಸುವವಳು. ದಿನಕ್ಕೆ ಎರಡು ಹೊತ್ತು, ಮೂರು ವಾರ. ಒಮ್ಮೆ ಕುರ್ಚಿ ಸಮೇತ ಬಿದ್ದೆ. ಮಾಡುವವರು ಗೋಡೆಯಿಂದ ದೂರ ಮಾಡಿ, ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಇದರ ಖರ್ಚು ಸೊನ್ನೆ. ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು.

ಅಭ್ಯಾಸಕ್ಕೆ ಒಂದು ಕೆಟ್ಟ ಗುಣವಿದೆ, ಬಿಟ್ಟರೆ ಓಡಿಹೋಗುತ್ತದೆ. ಮಳೆ ಮತ್ತು ವಿಮಾನದ ರಿಪೇರಿ ಸೇರಿ ಹತ್ತೊಂಬತ್ತು ದಿನ ಹಾರಾಟ ನಿಂತಿತ್ತು. ಇಪ್ಪತ್ತನೆಯ ದಿನ ಬೆಳಗಿನ ಏಳಕ್ಕೆ, ಹಾಲಿನಂಥ ಗಾಳಿಯಲ್ಲಿ, ಬರೀ ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಅಭ್ಯಾಸದಲ್ಲಿ ಆರು ಅಂಕ. ನಾಲ್ಕು ದಿನ ಎಡೆಬಿಡದೆ ಹಾರಿದ ಮೇಲೆ ಹಳೆಯ ಜಾಗಕ್ಕೆ ಬಂದೆ.

ಜೊತೆಗೆ ತರಿಸಿದ ಬೇರೆ ಸಾಮಾನುಗಳ ಬಗ್ಗೆ ಎರಡು ಮಾತು. ಶುಂಠಿ ಮಿಠಾಯಿ ಪರವಾಗಿಲ್ಲ, ಆದರೆ ಅಂಗಡಿಯದರಲ್ಲಿ ಸಕ್ಕರೆಯೇ ಹೆಚ್ಚು. ಆಯಿ ಒಣಗಿಸಿ ಕಳಿಸಿದ ಉಪ್ಪು ಶುಂಠಿ ಅದಕ್ಕಿಂತ ಉತ್ತಮ. ವಾಂತಿಚೀಲ ಕೊಳ್ಳುವುದಾದರೆ ಒಳಗೆ ಪ್ಲಾಸ್ಟಿಕ್ ಪದರವಿದ್ದು, ಬಾಯಿ ಮುಚ್ಚಲು ಬರುವಂಥದ್ದನ್ನೇ ಕೊಳ್ಳಿ, ತೊಡೆಯ ಜೇಬಿನಲ್ಲಿ ಕೈಗೆ ಸಿಗುವ ಹಾಗೆ ಇಡಿ. ಅದು ಅಲ್ಲಿದೆ ಎಂದು ಗೊತ್ತಿದ್ದರೆ ಅದರ ಅಗತ್ಯವೇ ಕಡಿಮೆಯಾಗುತ್ತದೆ.

ಇನ್ನು ಪಟ್ಟಿಯ ಗುಣದೋಷ. ಎಲಾಸ್ಟಿಕ್ ನಾಲ್ಕನೆಯ ತಿಂಗಳಿಗೇ ಸಡಿಲವಾಯಿತು. ತಣ್ಣೀರಿನಲ್ಲಿ ತೊಳೆದರೂ ಉಳಿಯಲಿಲ್ಲ, ನಾನೇ ಒಂದು ಮಡಿಕೆ ಹೊಲಿದೆ. ಬೇಸಿಗೆಯಲ್ಲಿ ಬೆವರು ಹೀರಿ ನಾರುತ್ತದೆ, ವಾಕರಿಕೆ ತಡೆಯುವ ವಸ್ತು ವಾಕರಿಕೆ ತರಿಸುವ ಹಾಗೆ. ಎರಡು ಗಂಟೆಗಿಂತ ಹೆಚ್ಚು ಕಟ್ಟಿದರೆ ಬೆರಳು ಜುಮುಗುಡುತ್ತದೆ. ಗುಂಡಿಯ ಗುರುತು ಸಂಜೆಯವರೆಗೆ ಉಳಿಯುತ್ತದೆ. ಗುಂಡಿ ಮಾತ್ರ ಗಟ್ಟಿ, ಕಳಚಿ ಬಿದ್ದಿಲ್ಲ. ಅಳತೆ ಒಂದೇ; ಸಣ್ಣ ಮಣಿಕಟ್ಟಿನವರಿಗೆ ಜಾರುತ್ತದೆ. ಐದಕ್ಕೆ ಎರಡೂವರೆ. ಪ್ರಯಾಣಿಕರಿಗೆ 399 ರೂಪಾಯಿ ದೊಡ್ಡ ನಷ್ಟವೇನಲ್ಲ. ಹಾರಲು ಕಲಿಯುವವರು ಮೊದಲು ಅಲಾರಾಂ ಇಡಿ, ಇನ್‌ಸ್ಟ್ರಕ್ಟರಿಗೆ ನಿಜ ಹೇಳಿ, ಆಮೇಲೂ ದುಡ್ಡು ಉಳಿದಿದ್ದರೆ ಕೊಳ್ಳಿ.

ಜೊತೆಯಲ್ಲಿದ್ದ ಎರಡನೆಯ ಪಟ್ಟಿಯನ್ನು ದೀಪಾವಳಿಗೆ ಊರಿಗೆ ಹೋದಾಗ ಆಯಿಗೆ ಕೊಟ್ಟೆ. ಅವಳಿಗೂ ಘಟ್ಟದಲ್ಲಿ ಹೊಟ್ಟೆ ತೊಳಸುತ್ತದೆ ಎಂದು ಆಗಲೇ ಗೊತ್ತಾಗಿದ್ದು. ಅಷ್ಟು ವರ್ಷ ನನ್ನ ಕೊಟ್ಟೆ ಹಿಡಿಯುವ ಗಡಿಬಿಡಿಯಲ್ಲಿ ತನ್ನದನ್ನು ನುಂಗಿಕೊಂಡಿದ್ದಳಂತೆ. ಕಳೆದ ತಿಂಗಳು ಕುಮಟೆಗೆ ಹೋಗಿ ಬಂದವಳು ವಿಡಿಯೋ ಕರೆ ಮಾಡಿ, ‘ಹೋಗುವಾಗಲೂ ಬರುವಾಗಲೂ ಏನೂ ಆಗಲಿಲ್ಲ, ಭಾರಿ ಒಳ್ಳೆಯ ಪಟ್ಟಿ’ ಎಂದು ಕೈ ಎತ್ತಿ ತೋರಿಸಿದಳು. ಗುಂಡಿ ಮಣಿಕಟ್ಟಿನ ಹಿಂಬದಿಯಲ್ಲಿತ್ತು. ನಾನು ಏನೂ ಹೇಳಲಿಲ್ಲ.